ಮಗಳು ಹೀಬ್ರೂನಲ್ಲಿ ಬಾಯಿ ಬಿಡೋದೇ ಇಲ್ಲ, ಏನು ಮಾಡೋದು?

ಓದುಗರೊಬ್ಬರ ಪ್ರಶ್ನೆ: ಗಂಡನ ಕೆಲಸದ ಮೇಲೆ ಇಸ್ರೇಲ್‌ನ ರೆಹೋವೋತ್‌ಗೆ ಬಂದಿದ್ದೇವೆ. ನಾಲ್ಕು ವರ್ಷದ ಮಗಳು ಇಲ್ಲಿನ ಗಾನ್‌ಗೆ, ಅಂದರೆ ಶಿಶುವಿಹಾರಕ್ಕೆ ಹೋಗುತ್ತಾಳೆ. ಬಾಯಾರಿದರೂ ನೀರು ಕೇಳದೆ ಕೂತಿರುತ್ತಾಳಂತೆ. ನಮಗೂ ಹೀಬ್ರೂ ಅಷ್ಟಕ್ಕಷ್ಟೇ. ಎಲ್ಲಿಂದ ಶುರು ಮಾಡಲಿ?

ಅಕ್ಷರಮಾಲೆಯಿಂದ ಅಂತೂ ಬೇಡ. 'ಎಫ್ಶಾರ್' ಅನ್ನೋ ಒಂದು ಪದ ಹಿಡಿಯಿರಿ. ಆಗುತ್ತಾ, ಸಿಗುತ್ತಾ ಅಂತ ಅರ್ಥ. 'ಎಫ್ಶಾರ್ ಮಾಯಿಮ್?' ಅಂದರೆ ನೀರು ಸಿಗುತ್ತಾ. 'ಎಫ್ಶಾರ್ ಲೆಸಖೆಕ್?' ಅಂದರೆ ಆಟ ಆಡಬಹುದಾ. ಇದನ್ನೇ ಮೊದಲು ಹೇಳೋದಕ್ಕೆ ಕಾರಣ ಇದೆ. ನಾವು 'ನಿಂಗೆ ಬೇಕಾ' ಅಂತ ಹುಡುಗನಿಗೂ ಹುಡುಗಿಗೂ ಒಂದೇ ಥರ ಕೇಳುತ್ತೇವೆ, ಆದರೆ ಹೀಬ್ರೂನಲ್ಲಿ ಹುಡುಗನಾದರೆ 'ಅತಾ ರೊತ್ಸೆ?', ಹುಡುಗಿಯಾದರೆ 'ಅತ್ ರೊತ್ಸಾ?', ದೊಡ್ಡವರಿಗೇ ತಲೆ ಕೆಡುತ್ತದೆ. ಎಫ್ಶಾರ್‌ಗೆ ಆ ರಗಳೆಯೇ ಇಲ್ಲ, ಯಾರು ಯಾರನ್ನು ಕೇಳಿದರೂ ಅದೇ.

ಆಮೇಲೆ 'ಮಾ ಝೆ?' (ಇದೇನು), 'ಮೀ ಝೆ?' (ಇದ್ಯಾರು), 'ಎಯ್ಫೋ ಇಮಾ?' (ಅಮ್ಮ ಎಲ್ಲಿ). ನಮ್ಮ ಹಾಗೇ ಎರಡೇ ಪದದಲ್ಲಿ ಮುಗಿಯುತ್ತದೆ, ಮಕ್ಕಳಿಗೆ ಬೇಗ ಬರುತ್ತದೆ. ಒಂದು ಮಾತ್ರ ಗಮನಿಸಿ. ನಮ್ಮಲ್ಲಿ 'ಇದೆ' ಅನ್ನೋದು ಪ್ರಶ್ನೆಯಾದಾಗ 'ಇದೆಯಾ' ಆಗುತ್ತದಲ್ವಾ, ಅಲ್ಲಿ ಮಾತಾಡುವಾಗ ದನಿ ಏರಿಸಿದರೆ ಸಾಕು. 'ಯೆಶ್ ಓದ್' ಅಂದರೆ ಇನ್ನೂ ಇದೆ, ಅದನ್ನೇ ದನಿ ಎತ್ತಿ ಅಂದರೆ ಇನ್ನೂ ಇದೆಯಾ. ಊಟದ ಹೊತ್ತಿಗೆ ಭಾರಿ ಉಪಯೋಗದ ಪ್ರಶ್ನೆ!

ಅಭ್ಯಾಸ ಹೇಗೆ ಅಂದರೆ, ಒಂದು ಬಟ್ಟೆ ಚೀಲದಲ್ಲಿ ಚಮಚ, ಬಳೆ, ಬಾಳೆಹಣ್ಣು ಹಾಕಿಕೊಂಡು ಒಂದೊಂದೇ ಹೊರಗೆ ತೆಗೆಯಿರಿ. ಆದರೆ 'ಮಾ ಝೆ?' ಅಂತ ನೀವು ಕೇಳಬೇಡಿ, ಅವಳು ಕೇಳಲಿ, ನೀವು ಉತ್ತರ ಹೇಳಿ. ಬಹಳಷ್ಟು ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ, ಅಪ್ಪ ಅಮ್ಮ ಕೇಳುತ್ತಲೇ ಇರುತ್ತಾರೆ, ಮಗು ಬರೀ ಉತ್ತರ ಕಲಿಯುತ್ತದೆ, ಗಾನ್‌ಗೆ ಹೋದಾಗ ಕೇಳಬೇಕು ಅನ್ನೋದೇ ಹೊಳೆಯೋಲ್ಲ. 'ಲಾಮಾ?' (ಯಾಕೆ) ಕಲಿಸೋ ತಾಪತ್ರಯ ನಿಮಗೆ ಬೇಡ, ಜೊತೆಯ ಮಕ್ಕಳಿಂದ ತಾನಾಗೇ ಬರುತ್ತದೆ. ಅದಕ್ಕೆ 'ಕಾಖಾ' ಅನ್ನೋ ಉತ್ತರವೂ ಬರುತ್ತದೆ, ನಮ್ಮ 'ಸುಮ್ನೆ' ಇದ್ದ ಹಾಗೆ. ಆಗ ಕೋಪ ಮಾಡ್ಕೋಬೇಡಿ.

ಹೊಸ ಭಾಷೆಯ ನಡುವೆ ಮಕ್ಕಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡದೆ ಕೇಳಿಸಿಕೊಳ್ಳುವುದು ಮಾಮೂಲಿ. ಅದಕ್ಕೆ ಹೆದರಿ ಮನೆಯಲ್ಲಿ ಕನ್ನಡ ಬಿಡಬೇಡಿ. 'ರೊತ್ಸೆ', 'ರೊತ್ಸಾ' ಅದಲು ಬದಲಾದರೆ ತಿದ್ದುತ್ತಾ ಕೂರಬೇಡಿ, ಸರಿಯಾದದ್ದನ್ನು ನೀವೊಮ್ಮೆ ಹೇಳಿ ಮಾತು ಮುಂದುವರಿಸಿ.

ಇನ್ನೊಂದು. ಮಾರ್ಚ್-ಏಪ್ರಿಲ್ ಹೊತ್ತಿಗೆ ಯಹೂದಿಗಳ ಪೆಸಖ್ ಹಬ್ಬ ಬರುತ್ತದೆ. ಹಬ್ಬದ ಮೊದಲ ರಾತ್ರಿಯ ಸೇದೆರ್ ಊಟದಲ್ಲಿ 'ಮಾ ನಿಶ್ತನಾ' ಅಂತ ನಾಲ್ಕು ಪ್ರಶ್ನೆಗಳನ್ನು ಹಾಡಿ ಕೇಳೋದು ವಾಡಿಕೆಯಂತೆ ಮನೆಯ ಅತಿ ಚಿಕ್ಕ ಮಗು. ಈ ರಾತ್ರಿ ಯಾಕೆ ಬೇರೆ, ಯಾಕೆ ಉಬ್ಬದ ಮತ್ಸಾ ರೊಟ್ಟಿ ಮಾತ್ರ, ಹೀಗೆ. ಗಾನ್‌ನಲ್ಲಿ ಹಬ್ಬಕ್ಕೆ ಮುಂಚೆಯೇ ಹಾಡಿಸುತ್ತಾರೆ. ಅಕ್ಕಪಕ್ಕದವರು ಊಟಕ್ಕೆ ಕರೆದು, ಅಲ್ಲಿ ನಿಮ್ಮ ಮಗಳೇ ಎಲ್ಲರಿಗಿಂತ ಚಿಕ್ಕವಳಾದರೆ ಸರದಿ ಅವಳದ್ದೇ ಆಗಬಹುದು, ಅದಕ್ಕೇ ಗಾನ್‌ನ ಟೀಚರ್ ಗನೆನೆತ್ ಹತ್ತಿರ ಮೊದಲ ಸಾಲನ್ನಾದರೂ ಕೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.