ಮ್ಯಾನಿಂಗೋ, ಲೀಫೋ: ಕ್ವಾರ್ಟರ್‌ಬ್ಯಾಕ್‌ಗಳನ್ನು ತೂಗಿ ನೋಡುವ ಹಳೇ ಚಟ

1998ರ ಏಪ್ರಿಲ್‌ನಲ್ಲಿ ಅಮೆರಿಕದ ಫುಟ್‌ಬಾಲ್ ಪ್ರೇಮಿಗಳ ಬಾಯಲ್ಲಿ ಇದ್ದದ್ದು ಎರಡೇ ಹೆಸರು. ಟೆನೆಸ್ಸಿ ವಿಶ್ವವಿದ್ಯಾಲಯದ ಪೇಟನ್ ಮ್ಯಾನಿಂಗ್, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಯಾನ್ ಲೀಫ್. ಮೊದಲ ಸರದಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ್ದು. ಅವರು ಯಾರನ್ನು ಎತ್ತಿಕೊಳ್ಳಬೇಕು? ಇವತ್ತು ಈ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ತಮಾಷೆ ಮಾಡುತ್ತಿದ್ದಾನೆ ಅನ್ನಿಸುತ್ತದೆ. ಅಂದು ಅದು ತಮಾಷೆಯಾಗಿರಲಿಲ್ಲ. ಆಟ ಬಲ್ಲವರೇ ಎರಡು ಗುಂಪಾಗಿದ್ದರು.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎದುರಾಳಿಗಳು ಮೈಮೇಲೆ ಬೀಳುವ ಮುಂಚೆ, ಎರಡು ಮೂರು ಸೆಕೆಂಡುಗಳಲ್ಲಿ, ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಿರಬೇಕು. ಒಳ್ಳೆಯವನು ಸಿಕ್ಕರೆ ತಂಡಕ್ಕೆ ಹತ್ತು ಹದಿನೈದು ವರ್ಷ ಚಿಂತೆ ಇಲ್ಲ. ಸಿಗದಿದ್ದರೆ ಕೋಚ್, ಮ್ಯಾನೇಜರ್ ಇಬ್ಬರ ಕೆಲಸಕ್ಕೂ ಕುತ್ತು. ಅಂಥವನನ್ನು ಪಡೆಯುವ ಮುಖ್ಯ ದಾರಿಯೇ ಡ್ರಾಫ್ಟ್. ಐಪಿಎಲ್ ಹರಾಜಿನಲ್ಲಿ ಹಣ ಇದ್ದವನು ಕೈ ಎತ್ತುತ್ತಾನೆ, ಇಲ್ಲಿ ಹಾಗಲ್ಲ. ಕಾಲೇಜು ಮುಗಿಸಿ ಬರುವ ಆಟಗಾರರನ್ನು ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನ 32 ತಂಡಗಳು ಸುತ್ತು ಸುತ್ತಾಗಿ, ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ, ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ಸರದಿಯನ್ನು ಮಾರಬಹುದು, ಕೊಳ್ಳಬಹುದು. ಆಟಗಾರನಿಗೆ ಮಾತ್ರ ತಂಡವನ್ನು ಆರಿಸಿಕೊಳ್ಳುವ ಹಕ್ಕಿಲ್ಲ.

ಮ್ಯಾನಿಂಗ್ ಕ್ವಾರ್ಟರ್‌ಬ್ಯಾಕ್ ಮನೆಯಲ್ಲೇ ಹುಟ್ಟಿದವನು. ತಂದೆ ಆರ್ಚಿ ಮ್ಯಾನಿಂಗ್ 1971ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಸೇರಿದ್ದರು. ಮಗ ನಾಲ್ಕು ವರ್ಷ ಪೂರ್ತಿ ಕಾಲೇಜಿನಲ್ಲಿ ಆಡಿ, ಓದಿ, ಎದುರಾಳಿ ರಕ್ಷಣೆಯನ್ನು ನೋಡುತ್ತಲೇ ಅರ್ಥ ಮಾಡಿಕೊಳ್ಳುವಷ್ಟು ಪಳಗಿದ್ದ. ಲೀಫ್ ಆರು ಅಡಿ ಐದು ಅಂಗುಲದ ಭರ್ಜರಿ ಆಳು, ತೋಳು ಮ್ಯಾನಿಂಗ್‌ಗಿಂತ ಗಟ್ಟಿ. ಹೇಳಿಕೊಳ್ಳುವಂಥ ಹೆಸರಿಲ್ಲದ ತಂಡವನ್ನು ರೋಸ್ ಬೌಲ್ ಎಂಬ ಪ್ರತಿಷ್ಠಿತ ಕಾಲೇಜು ಪಂದ್ಯದವರೆಗೆ ಎಳೆದುಕೊಂಡು ಹೋಗಿದ್ದ. ವಾದ ನಿಂತದ್ದು ಇಲ್ಲೇ: ಮ್ಯಾನಿಂಗ್ ಆಗಲೇ ಹಣ್ಣು, ಇನ್ನು ಬೆಳೆಯುವುದು ಏನೂ ಇಲ್ಲ, ಲೀಫ್ ಇನ್ನೂ ಕಾಯಿ, ಹಣ್ಣಾದರೆ ಇವನನ್ನೂ ಮೀರಿಸಬಹುದು. ಈ ತರ್ಕ ಆಮೇಲೂ ಪ್ರತಿ ವರ್ಷ ಕೇಳಿಬಂದಿದೆ, ಹೆಸರುಗಳಷ್ಟೇ ಬದಲು.

ಸ್ಯಾನ್ ಡಿಯೇಗೊ ಚಾರ್ಜರ್ಸ್ ಮೂರನೇ ಸರದಿಯಿಂದ ಎರಡಕ್ಕೆ ಏರಲು ಅರಿಜೋನಾ ತಂಡಕ್ಕೆ ಎರಡು ಮೊದಲ ಸುತ್ತಿನ ಸರದಿ, ಒಂದು ಎರಡನೇ ಸುತ್ತಿನ ಸರದಿ, ಜೊತೆಗೆ ಇಬ್ಬರು ಆಟಗಾರರನ್ನು ಕೊಟ್ಟಿತು. ಒಂದೇ ಒಂದು ಮೆಟ್ಟಿಲು ಹತ್ತಲು ಇಷ್ಟು ತೆತ್ತರೆಂದರೆ, ಇಬ್ಬರಲ್ಲಿ ಯಾರು ಸಿಕ್ಕರೂ ಸರಿ ಎಂಬ ನಂಬಿಕೆ ಅವರಿಗಿತ್ತು ಅಂತಲೇ ಅರ್ಥ. ಕೋಲ್ಟ್ಸ್‌ನಲ್ಲಿ ಆಯ್ಕೆಯ ಹೊಣೆ ಹೊತ್ತಿದ್ದ ಬಿಲ್ ಪೋಲಿಯನ್ ಮ್ಯಾನಿಂಗ್‌ನನ್ನು ಆರಿಸಿದರು. ಲೀಫ್ ಸ್ಯಾನ್ ಡಿಯೇಗೊಗೆ ಹೋದ.

ಲೀಫ್ ಮೊದಲ ಎರಡು ಪಂದ್ಯ ಗೆದ್ದ. ಮೂರನೆಯದು ಕಾನ್ಸಾಸ್ ಸಿಟಿಯಲ್ಲಿ, ಮಳೆಯಲ್ಲಿ. 15 ಸಲ ಎಸೆದ. ತನ್ನವರ ಕೈಗೆ ಸೇರಿದ್ದು ಒಂದು, ಗಳಿಸಿದ್ದು 4 ಗಜ. ಎದುರಾಳಿಗಳ ಕೈಗೆ ಎರಡು ಸೇರಿದವು. ಮರುದಿನ ಲಾಕರ್ ಕೋಣೆಯಲ್ಲಿ ವರದಿಗಾರನೊಬ್ಬನ ಮೇಲೆ ಅವನು ಕೂಗಾಡಿದ್ದನ್ನು ಟಿವಿಯಲ್ಲಿ ದೇಶವೆಲ್ಲ ನೋಡಿತು. ಆರು ಪಂದ್ಯ ಆಗುವಷ್ಟರಲ್ಲಿ ಅವನ ಕೋಚ್ ಕೆವಿನ್ ಗಿಲ್‌ಬ್ರೈಡ್ ಕೆಲಸ ಕಳೆದುಕೊಂಡಿದ್ದರು. ಒಟ್ಟು ವೃತ್ತಿಜೀವನದಲ್ಲಿ ಲೀಫ್ ಎಸೆದ ಟಚ್‌ಡೌನ್ (ಅಂಕ ತಂದ ಎಸೆತ) 14, ಇಂಟರ್‌ಸೆಪ್ಷನ್ (ಎದುರಾಳಿಯ ಕೈಗೆ ಸೇರಿದ ಎಸೆತ) 36. ಮ್ಯಾನಿಂಗ್ ಐದು ಸಲ ಲೀಗಿನ ಅತ್ಯುತ್ತಮ ಆಟಗಾರನಾದ, ಎರಡು ತಂಡಗಳಿಗೆ ಒಂದೊಂದು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದುಕೊಟ್ಟ.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸಿ, "ನೋಡಿ, ಗುಣ ಮುಖ್ಯ" ಎಂದುಬಿಡುತ್ತಾರೆ. ಗುಣದ ಮಾತು ಸುಳ್ಳಲ್ಲ. ಆದರೆ ಅದೇ 1998ರಲ್ಲಿ ಮ್ಯಾನಿಂಗ್ ಎಸೆದ ಇಂಟರ್‌ಸೆಪ್ಷನ್ 28. ಹೊಸಬನೊಬ್ಬನ ಮಟ್ಟಿಗೆ ಇಂದಿಗೂ ಅದು ದಾಖಲೆ. ತಂಡ 3 ಗೆದ್ದು 13 ಸೋತಿತು. ಆದರೂ ಅವನನ್ನು ಯಾರೂ ಬೆಂಚಿನಲ್ಲಿ ಕೂರಿಸಲಿಲ್ಲ. ಚೆಂಡು ಹಿಡಿಯಲು ಮಾರ್ವಿನ್ ಹ್ಯಾರಿಸನ್ ಇದ್ದ, ಮರುವರ್ಷ ಓಡಲು ಎಡ್ಜರಿನ್ ಜೇಮ್ಸ್ ಬಂದ, ಆಟ ಹೆಣೆಯುವ ಟಾಮ್ ಮೂರ್ ವರ್ಷಗಟ್ಟಲೆ ಜೊತೆಗಿದ್ದರು. 1999ರಲ್ಲಿ ಲೆಕ್ಕ ತಿರುಗಿತು: 13 ಗೆಲುವು, 3 ಸೋಲು. ಲೀಫ್ ಇಂಡಿಯಾನಾಪೊಲಿಸ್‌ಗೆ ಹೋಗಿದ್ದರೆ ಮ್ಯಾನಿಂಗ್ ಆಗುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಇಬ್ಬರನ್ನು ಹೋಲಿಸಿದವರು ತೂಗಿದ್ದು ಇಬ್ಬರು ಹುಡುಗರನ್ನು ಮಾತ್ರ. ಅವರು ಹೋಗಿ ಸೇರುವ ಎರಡು ಮನೆಗಳನ್ನು ತಕ್ಕಡಿಗೆ ಹಾಕಲೇ ಇಲ್ಲ.

ಈ ತೊಡಕು ಡ್ರಾಫ್ಟ್‌ನ ಹುಟ್ಟಿನಲ್ಲೇ ಇದೆ. 1930ರ ದಶಕದಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಮಾಲೀಕ ಬರ್ಟ್ ಬೆಲ್ ಸೋತು ಸೋತು ಸುಸ್ತಾಗಿದ್ದರು. ಒಳ್ಳೆಯ ಹುಡುಗರೆಲ್ಲ ಹಣವಿದ್ದ, ಗೆಲ್ಲುವ ತಂಡಗಳಿಗೇ ಸಹಿ ಹಾಕುತ್ತಿದ್ದರು. ಕೊನೆಯ ಸ್ಥಾನದವರಿಗೆ ಮೊದಲ ಆಯ್ಕೆ ಕೊಡೋಣ ಎಂದು ಬೆಲ್ ಸೂಚಿಸಿದರು, ಉಳಿದವರು ಒಪ್ಪಿದರು. 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊದಲಿಗನಾಗಿ ಆಯ್ಕೆಯಾದ ಜೇ ಬರ್‌ವಾಂಗರ್ ಈ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಲೀಗಿನ ಸಮತೋಲನಕ್ಕೆ ಬೆಲ್ ಮಾಡಿದ ನಿಯಮ ಒಳ್ಳೆಯದೇ. ಅದರ ಇನ್ನೊಂದು ಮುಖ ಏನೆಂದರೆ, ದೇಶದಲ್ಲೇ ಅತ್ಯುತ್ತಮ ಎನಿಸಿಕೊಂಡ ಹುಡುಗ ಹೋಗಿ ಬೀಳುವುದು ಅತಿ ಹಾಳಾದ ತಂಡದಲ್ಲಿ. ಅಡ್ಡಗಟ್ಟಿ ಕಾಪಾಡುವವರು ದುರ್ಬಲ, ಕೋಚ್ ಕುರ್ಚಿ ಅಲುಗಾಡುತ್ತಿರುತ್ತದೆ, ಅಭಿಮಾನಿಗಳಿಗೆ ತಾಳ್ಮೆ ಇಲ್ಲ.

1983ರಲ್ಲಿ ಮೊದಲ ಸುತ್ತಿನಲ್ಲೇ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಜಾನ್ ಎಲ್ವೇ ಮೊದಲಿಗ. ಆರಿಸಿದ ಕೋಲ್ಟ್ಸ್‌ಗೆ ಆಡಲು ಒಪ್ಪದೆ ಡೆನ್ವರ್ ಸೇರಿದ. ಆರರಲ್ಲಿ ಕೊನೆಯವನು ಡ್ಯಾನ್ ಮರೀನೊ, 27ನೇ ಸರದಿಯಲ್ಲಿ. ಕಾಲೇಜಿನ ಕೊನೆಯ ವರ್ಷ ಅವನ ಆಟ ಇಳಿದಿತ್ತು, ತಂಡಗಳು ಹಿಂದೆ ಸರಿದವು. ಅವನನ್ನು ಎತ್ತಿಕೊಂಡ ಮಯಾಮಿ ಆಗಷ್ಟೇ ಸೂಪರ್ ಬೌಲ್ ಆಡಿ ಬಂದ, ಡಾನ್ ಶೂಲಾ ಕೋಚ್ ಆಗಿದ್ದ ತಂಡ. 1984ರಲ್ಲಿ ಮರೀನೊ 5,084 ಗಜ, 48 ಟಚ್‌ಡೌನ್ ಎಸೆದ. ಹಿಂದೆ ಬಿದ್ದದ್ದೇ ಅವನಿಗೆ ಒಳ್ಳೆಯದಾಯಿತು.

ಇಷ್ಟರಲ್ಲಿ ಅಳೆಯುವ ಕಲೆಯೇ ಒಂದು ಉದ್ಯಮವಾಗಿ ಬೆಳೆದಿತ್ತು. 1980ರಿಂದ ಡ್ರಾಫ್ಟ್ ಟಿವಿಗೆ ಬಂತು. 1987ರಿಂದ ಆಟಗಾರರ ತಪಾಸಣೆ ಶಿಬಿರ, ಅಂದರೆ ಕಂಬೈನ್, ಇಂಡಿಯಾನಾಪೊಲಿಸ್‌ನಲ್ಲಿ ನೆಲೆ ನಿಂತಿತು. ಅಲ್ಲಿ ಎತ್ತರ, ತೂಕ, ಅಂಗೈಯ ಅಗಲ, 40 ಗಜದ ಓಟ ಎಲ್ಲಕ್ಕೂ ಲೆಕ್ಕ ಉಂಟು. 12 ನಿಮಿಷದಲ್ಲಿ 50 ಪ್ರಶ್ನೆಗೆ ಉತ್ತರಿಸುವ ವಂಡರ್ಲಿಕ್ ಎಂಬ ಬುದ್ಧಿ ಪರೀಕ್ಷೆಯೂ ಬಹುಕಾಲ ನಡೆಯಿತು. 2000ದಲ್ಲಿ ಮಿಷಿಗನ್‌ನ ಒಬ್ಬ ಸಪೂರ ಹುಡುಗ 40 ಗಜವನ್ನು 5.28 ಸೆಕೆಂಡಿನಲ್ಲಿ, ನೋಡುವವರಿಗೇ ಆಯಾಸವಾಗುವಂತೆ ಓಡಿದ. ಅವನಿಗಿಂತ ಮುಂಚೆ ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. 199ನೆಯವನಾಗಿ ನ್ಯೂ ಇಂಗ್ಲೆಂಡ್ ಸೇರಿದ ಆ ಹುಡುಗ ಟಾಮ್ ಬ್ರೇಡಿ. ಏಳು ಸೂಪರ್ ಬೌಲ್ ಗೆದ್ದ ಮೇಲೂ ಆ ಓಟದ ವಿಡಿಯೊ ಅವನ ಬೆನ್ನು ಬಿಟ್ಟಿಲ್ಲ.

ಅಳತೆಗೋಲಿನ ಒಳಗೆ ಬಣ್ಣವೂ ಇತ್ತು. ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳಿಗೆ "ನೀನು ಚೆನ್ನಾಗಿ ಓಡುತ್ತೀಯ, ಬೇರೆ ಸ್ಥಾನದಲ್ಲಿ ಆಡು" ಎನ್ನುವುದು ದಶಕಗಳ ರೂಢಿ. ವಾರನ್ ಮೂನ್‌ನನ್ನು 1978ರಲ್ಲಿ ಒಂದು ತಂಡವೂ ಆರಿಸಲಿಲ್ಲ. ಅವನು ಕೆನಡಾಕ್ಕೆ ಹೋಗಿ ಎಡ್ಮಂಟನ್ ಪರ ಸಾಲಾಗಿ ಐದು ಚಾಂಪಿಯನ್‌ಷಿಪ್ ಗೆದ್ದ ಮೇಲೆಯೇ ಎನ್‌ಎಫ್‌ಎಲ್ ಬಾಗಿಲು ತೆರೆಯಿತು. ಮೊದಲ ಸರದಿಯಲ್ಲಿ ಕಪ್ಪು ಕ್ವಾರ್ಟರ್‌ಬ್ಯಾಕ್ ಒಬ್ಬ ಆಯ್ಕೆಯಾಗಲು 2001ರ ತನಕ, ಮೈಕಲ್ ವಿಕ್ ಬರುವ ತನಕ ಕಾಯಬೇಕಾಯಿತು. ಆ ಸರದಿ ಮೊದಲು ಯಾರದ್ದಾಗಿತ್ತು ಗೊತ್ತೇ? ಲೀಫ್ ಜೊತೆ 1 ಗೆದ್ದು 15 ಸೋತಿದ್ದ ಅದೇ ಸ್ಯಾನ್ ಡಿಯೇಗೊದ್ದು. ಅದನ್ನು ಅಟ್ಲಾಂಟಾಗೆ ಬಿಟ್ಟುಕೊಟ್ಟು, ಎರಡನೇ ಸುತ್ತಿನಲ್ಲಿ ಡ್ರೂ ಬ್ರೀಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿದರು. 2004ರಲ್ಲಿ ಮತ್ತೆ ಮೊದಲ ಸರದಿ ಸಿಕ್ಕಾಗ ಪೇಟನ್‌ನ ತಮ್ಮ ಈಲೈ ಮ್ಯಾನಿಂಗ್ "ನಿಮ್ಮ ತಂಡಕ್ಕೆ ನಾನು ಬರಲ್ಲ" ಎಂದು ಖಡಾಖಂಡಿತವಾಗಿ ಹೇಳಿ ನ್ಯೂಯಾರ್ಕ್ ಸೇರಿದ. ಆರ್ಚಿ ಮ್ಯಾನಿಂಗ್ ನ್ಯೂ ಆರ್ಲಿಯನ್ಸ್‌ನ ಸೋಲುವ ತಂಡದಲ್ಲಿ ಹತ್ತು ವರ್ಷಕ್ಕೂ ಮೀರಿ ನುಜ್ಜುಗುಜ್ಜಾದವರು. ಮನೆ ಎಂಥದು ಎನ್ನುವುದರ ಬೆಲೆ ಆ ಕುಟುಂಬಕ್ಕೆ ಚೆನ್ನಾಗಿ ಗೊತ್ತಿತ್ತು.

ಕಾಲೇಜಿನ ಅಂಕಿಗಳನ್ನು ನೇರ ನಂಬುವುದೂ ಕಷ್ಟ. ಮೈದಾನವೇ ಬೇರೆ. ಚೆಂಡನ್ನು ಇಡುವ ಎರಡು ಗೆರೆಗಳ ನಡುವೆ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಚೆಂಡು ಅಂಚಿಗೆ ಸರಿದಾಗ ಕಾಲೇಜು ಹುಡುಗನಿಗೆ ಒಂದು ಬದಿ ಪೂರ್ತಿ ಬಯಲಾಗಿ ಸಿಗುತ್ತದೆ. ವೃತ್ತಿಪರ ಆಟದಲ್ಲಿ ಆ ಜಾಗ ಇಲ್ಲ. ಕೋಚ್ ಹೆಲ್ಮೆಟ್‌ನೊಳಗೆ ನೇರ ಮಾತಾಡುವ ರೇಡಿಯೊ ಎನ್‌ಎಫ್‌ಎಲ್‌ಗೆ ಬಂದದ್ದು 1994ರಲ್ಲಿ, ಕಾಲೇಜಿಗೆ 2024ರಲ್ಲಿ. ಅಲ್ಲಿಯವರೆಗೆ ಅನೇಕ ಕಾಲೇಜು ಹುಡುಗರು ಪ್ರತಿ ಸಲ ಅಂಚಿನಿಂದ ತೋರಿಸುವ ಫಲಕ, ಕೈಸನ್ನೆ ನೋಡಿಕೊಂಡೇ ಆಡಿದವರು. ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಡ್ರಾಫ್ಟ್‌ನ ದಾಖಲೆಗಳನ್ನು ತಡಕಾಡಿದಾಗ ಕಂಡದ್ದು ಇದು: ಒಂದೇ ಸ್ಥಾನಕ್ಕೆ ಮೊದಲು ಆಯ್ಕೆಯಾದವನು ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಉತ್ತಮವಾಗುವ ಸಾಧ್ಯತೆ ಸುಮಾರು 52 ಪ್ರತಿಶತ. ನಾಣ್ಯ ಚಿಮ್ಮಿದರೆ 50.

2018ರಲ್ಲಿ ಈ ಹೋಲಿಕೆಯ ಎಲ್ಲ ಹುಳುಕೂ ಒಟ್ಟಿಗೆ ಹೊರಬಿತ್ತು. ಮೊದಲ ಸುತ್ತಿನಲ್ಲಿ ಐವರು: ಬೇಕರ್ ಮೇಫೀಲ್ಡ್, ಸ್ಯಾಮ್ ಡಾರ್ನಲ್ಡ್, ಜಾಶ್ ಆಲನ್, ಜಾಶ್ ರೋಸನ್, ಲಾಮಾರ್ ಜಾಕ್ಸನ್. ಆಲನ್ ವಯೋಮಿಂಗ್‌ನಂಥ ಸಣ್ಣ ತಂಡದಲ್ಲಿ ಎಸೆದ ಚೆಂಡುಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 56. ಗುರಿ ಕಲಿಸಿ ಬರುವಂಥದ್ದಲ್ಲ, ಇವನು ಮುಳುಗುತ್ತಾನೆ ಎಂದು ಅಂಕಿಅಂಶದವರು ಷರಾ ಬರೆದರು. ಮೊದಲ ವರ್ಷ ಬಫಲೋದಲ್ಲಿ ಅದು ಇನ್ನೂ ಕೆಳಗಿಳಿದು 53ರ ಹತ್ತಿರ ಬಂತು. ತಂಡ ಕೋಚನ್ನು ಬದಲಿಸಲಿಲ್ಲ, ಎಸೆಯುವ ಕ್ರಮವನ್ನು ತಿದ್ದಿಸಿತು, 2020ರಲ್ಲಿ ಚೆಂಡು ಹಿಡಿಯಲು ಸ್ಟೆಫನ್ ಡಿಗ್ಸ್‌ನನ್ನು ತಂದಿತು. ಆ ವರ್ಷ ಗುರಿ ನೂರಕ್ಕೆ 69. ಜಾಕ್ಸನ್‌ಗೆ ಹಳೆಯ ಮಾತೇ ಎದುರಾಯಿತು: ಇವನು ಚೆಂಡು ಹಿಡಿಯುವ ಸ್ಥಾನಕ್ಕೆ ಹೋಗಲಿ. ಹಾಗೆಂದವರಲ್ಲಿ ಮ್ಯಾನಿಂಗ್‌ನನ್ನು ಆರಿಸಿದ ಅದೇ ಬಿಲ್ ಪೋಲಿಯನ್ ಒಬ್ಬರು. 32ನೆಯವನಾಗಿ, ಮೊದಲ ಸುತ್ತಿನ ಕಟ್ಟಕಡೆಗೆ, ಬಾಲ್ಟಿಮೋರ್ ಅವನನ್ನು ಆರಿಸಿತು. ಅವನ ಓಟಕ್ಕೆ ಒಪ್ಪುವಂತೆ ತನ್ನ ಆಟವನ್ನೇ ಮರುಹೆಣೆಯಿತು. 2019ರಲ್ಲಿ ಅವನು ಅವಿರೋಧವಾಗಿ ಲೀಗಿನ ಅತ್ಯುತ್ತಮ ಆಟಗಾರ. ಹತ್ತನೆಯವನಾದ ರೋಸನ್ ಐವರಲ್ಲೇ ತಿದ್ದಿದ ಎಸೆತದವನು ಎಂದು ಹೊಗಳಿಸಿಕೊಂಡಿದ್ದ. ಅರಿಜೋನಾದಲ್ಲಿ ಒಂದೇ ವರ್ಷಕ್ಕೆ ಕೋಚ್ ಹೋದರು, ಹೊಸ ಕೋಚ್ ಜೊತೆ ಹೊಸ ಕ್ವಾರ್ಟರ್‌ಬ್ಯಾಕ್ ಬಂದ, ರೋಸನ್ ಮಯಾಮಿ ದಾರಿ ಹಿಡಿದ. ಮೂರನೆಯವನಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿ ಸೋತುಹೋದ ಡಾರ್ನಲ್ಡ್, 2024ರಲ್ಲಿ ಮಿನೆಸೋಟಾಗೆ ಹೋದವನೇ 14 ಪಂದ್ಯ ಗೆದ್ದ.

ತಂಡಗಳು ಇದನ್ನೆಲ್ಲ ನೋಡಿಯೂ ಯಾಕೆ ಕಾಯುವುದಿಲ್ಲ? ಹಣ. 2010ರಲ್ಲಿ ಮೊದಲಿಗನಾದ ಸ್ಯಾಮ್ ಬ್ರಾಡ್‌ಫರ್ಡ್ ಒಪ್ಪಂದದಲ್ಲಿ ಖಾತ್ರಿ ಮೊತ್ತವೇ 5 ಕೋಟಿ ಡಾಲರ್. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂತು. ಆ ವರ್ಷದ ಮೊದಲಿಗ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು 2.2 ಕೋಟಿ. ಹೊಸ ಹುಡುಗ ಅಗ್ಗವಾಗಿರುವ ನಾಲ್ಕು ವರ್ಷದೊಳಗೆ ಉಳಿದ ಹಣದಲ್ಲಿ ತಂಡ ಕಟ್ಟಿ ಗೆದ್ದುಬಿಡಬೇಕು ಎಂಬ ಲೆಕ್ಕ ಶುರುವಾಯಿತು. ಹಾಗಾಗಿ 2024ರಲ್ಲಿ ಮೊದಲ 12 ಸರದಿಯಲ್ಲೇ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಆರನ್ ರಾಜರ್ಸ್‌ನನ್ನು ಗ್ರೀನ್ ಬೇ ಮೂರು ವರ್ಷ ಕೂರಿಸಿ ಕಲಿಸಿದಂಥ ವ್ಯವಧಾನ ಈಗ ಅಪರೂಪ.

2023ರ ಜೋಡಿ ಬ್ರೈಸ್ ಯಂಗ್ ಮತ್ತು ಸಿ.ಜೆ. ಸ್ಟ್ರೌಡ್. ವಂಡರ್ಲಿಕ್ ಹೋಗಿ ಎಸ್2 ಎಂಬ ಹೊಸ ಪರೀಕ್ಷೆಗೆ ತಂಡಗಳು ಮರುಳಾಗಿದ್ದವು. ಗುಟ್ಟಾಗಿರಬೇಕಿದ್ದ ಅಂಕಗಳು ಸೋರಿದವು: ಯಂಗ್ 98, ಸ್ಟ್ರೌಡ್ 18. ಕ್ಯಾರೊಲೈನಾ ತನ್ನ ಮುಖ್ಯ ಆಟಗಾರ ಡಿ.ಜೆ. ಮೂರ್‌ನನ್ನೂ ಹಲವು ಸರದಿಗಳನ್ನೂ ಕೊಟ್ಟು ಮೊದಲ ಸರದಿ ಕೊಂಡು ಯಂಗ್‌ನನ್ನು ಆರಿಸಿತು. ಅಂದರೆ ಹುಡುಗನನ್ನು ತರಲು, ಅವನ ಚೆಂಡು ಹಿಡಿಯಬೇಕಿದ್ದವನನ್ನೇ ಕಳುಹಿಸಿಕೊಟ್ಟರು. ಆ ವರ್ಷ ತಂಡ ಗೆದ್ದದ್ದು ಎರಡು ಪಂದ್ಯ. ಹ್ಯೂಸ್ಟನ್ ಸೇರಿದ ಸ್ಟ್ರೌಡ್ 4,108 ಗಜ, 23 ಟಚ್‌ಡೌನ್, ಬರೀ 5 ಇಂಟರ್‌ಸೆಪ್ಷನ್. ಆ ಡಿಸೆಂಬರಿನಲ್ಲಿ ಯಾರನ್ನು ಕೇಳಿದರೂ ಹೋಲಿಕೆ ಮುಗಿದ ಅಧ್ಯಾಯ. 2024ರಲ್ಲಿ ಹ್ಯೂಸ್ಟನ್‌ನ ಅಡ್ಡಗಟ್ಟಿ ಕಾಪಾಡುವ ಸಾಲು ಕುಸಿದು ಸ್ಟ್ರೌಡ್ 52 ಸಲ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕುರುಳಿದ, ಇಂಟರ್‌ಸೆಪ್ಷನ್ 12ಕ್ಕೆ ಏರಿತು. ಎರಡೇ ಪಂದ್ಯಕ್ಕೆ ಬೆಂಚಿಗೆ ಹೋಗಿದ್ದ ಯಂಗ್, ಅವನ ಬದಲು ಆಡುತ್ತಿದ್ದ ಆ್ಯಂಡಿ ಡಾಲ್ಟನ್ ಕಾರು ಅಪಘಾತದಲ್ಲಿ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡದ್ದರಿಂದ ಮತ್ತೆ ಕಣಕ್ಕಿಳಿದ, ವರ್ಷ ಮುಗಿಯುವಷ್ಟರಲ್ಲಿ ತನ್ನ ಜಾಗವನ್ನು ಗಟ್ಟಿ ಮಾಡಿಕೊಂಡಿದ್ದ.