ಆ ಡಿಫಾಲ್ಟ್ ಪೈಪ್‌ಗೆ ತಾಗುವುದಿಲ್ಲ
ಹೋದ ಮಳೆಗಾಲದಲ್ಲಿ ಶಿರಸಿಯ ನಮ್ಮ ಮನೆಗೆ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಯುನಿಕ್ಸ್‌ನ ಒಂದು ಸಣ್ಣ ಟೂಲನ್ನು ವಿಂಡೋಸ್‌ಗೆ ಪೋರ್ಟ್ ಮಾಡಿದ್ದ, ಅಂದರೆ ಅಲ್ಲಿ ಓಡುವಂತೆ ಬದಲಾಯಿಸಿದ್ದ. "ಅಣ್ಣ, ಅಡಿಕೆ ಗೊನೆಯ ಫೋಟೋ ಪೈಪ್‌ನಲ್ಲಿ ಹಾಯಿಸಿದರೆ ಆರೇ ಬೈಟ್ ಬರ್ತದೆ. ಡಿಫಾಲ್ಟನ್ನು ಬೈನರಿ ಮಾಡಿದ್ದೇನಲ್ಲ!"

ವರ್ಷಕ್ಕೆ ನಾಲ್ಕೈದು ಸಲ ಈ ಮಾತು ಕೇಳುತ್ತೇನೆ. ಬೇಜಾರಾಗುತ್ತದೆ, ಯಾಕೆಂದರೆ ಪಾಪ, ಅರ್ಧ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ.

ಮೈಕ್ರೋಸಾಫ್ಟ್‌ನ ಸಿ ರನ್‌ಟೈಮ್, ಅಂದರೆ ಸಿ ಪ್ರೋಗ್ರಾಮ್‌ಗಳ ಪರವಾಗಿ ಫೈಲ್ ಓದಿ ಬರೆಯುವ ಲೈಬ್ರರಿ, ಬೇರೆ ಹೇಳದಿದ್ದರೆ ಫೈಲನ್ನು ಟೆಕ್ಸ್ಟ್ ಎಂದೇ ಎಣಿಸಿ ತೆರೆಯುತ್ತದೆ. ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ 13, 10 ಎಂಬ ಎರಡು ಬೈಟ್, ಯುನಿಕ್ಸ್‌ನಲ್ಲಿ ಬರೀ 10. ಹಾಗಾಗಿ ಓದುವಾಗ 13, 10 ಜೋಡಿ ಬಂದರೆ ಬರೀ 10 ಕೊಡುತ್ತದೆ. ಬರೆಯುವಾಗ 10ರ ಹಿಂದೆ 13 ಸೇರಿಸುತ್ತದೆ. ಓದುವಾಗ 26 (ಕಂಟ್ರೋಲ್-ಝಡ್) ಕಂಡರೆ ಫೈಲ್ ಮುಗಿಯಿತು ಅನ್ನುತ್ತದೆ. ಲಿಂಕ್ ಮಾಡುವಾಗ ಬಿನ್‌ಮೋಡ್ ಎಂಬ ಆಬ್ಜೆಕ್ಟ್ ಫೈಲ್ ಸೇರಿಸಿದರೆ ಡಿಫಾಲ್ಟ್ ಬೈನರಿ ಆಗುತ್ತದೆ, ಅಂದರೆ ಬೈಟ್‌ಗಳನ್ನು ಇದ್ದ ಹಾಗೇ ಬಿಡುತ್ತದೆ, ನಿಜ. ಆದರೆ ಅದು ನೀವು ತೆರೆಯುವ ಫೈಲ್‌ಗಳಿಗೆ ಮಾತ್ರ. ಸ್ಟಾಂಡರ್ಡ್ ಇನ್‌ಪುಟ್, ಔಟ್‌ಪುಟ್, ಎರರ್ ಈ ಮೂರೂ ಟೆಕ್ಸ್ಟ್‌ನಲ್ಲೇ ಉಳಿಯುತ್ತವೆ. ಪೈಪ್‌ನಲ್ಲಿ, ಅಂದರೆ ಒಂದು ಟೂಲಿನಿಂದ ಇನ್ನೊಂದಕ್ಕೆ ನೇರ ಬಂದದ್ದು, ರೀಡೈರೆಕ್ಟ್ ಮಾಡಿ ಫೈಲಿಗೆ ತಿರುಗಿಸಿದ್ದು ಎಲ್ಲ ಈ ಮೂರರ ಮೂಲಕವೇ ಅಲ್ವಾ? ಯುನಿಕ್ಸ್ ಟೂಲ್‌ಗಳ ಜೀವವೇ ಅಲ್ಲಿದೆ. ಈ ಮೂರಕ್ಕೆ, ಪ್ರೋಗ್ರಾಮಿನ ಮೇನ್ ಶುರುವಾದ ಕೂಡಲೇ ಸೆಟ್‌ಮೋಡ್ ಎಂಬ ಫಂಕ್ಷನ್ ಕರೆದು, ಬೈನರಿ ಎಂದು ಬೇರೆಯಾಗಿಯೇ ಹೇಳಬೇಕು.

ಹುಡುಗನ ಫೋಟೋ ಪಿಎನ್‌ಜಿ. ಎಲ್ಲ ಪಿಎನ್‌ಜಿ ಫೈಲ್‌ಗಳೂ 137, 80, 78, 71, 13, 10, 26, 10 ಎಂದು ಶುರುವಾಗುತ್ತವೆ. ಇಂಥ ಹಾನಿ ಕೂಡಲೇ ಗೊತ್ತಾಗಲಿ ಎಂದೇ ಈ ಬೈಟ್‌ಗಳನ್ನು ಆರಿಸಿದ್ದು. ಅವನ ಟೂಲ್ ಓದುವಾಗ 13 ಬಿದ್ದುಹೋಯಿತು, 26ಕ್ಕೆ ಓದು ನಿಂತಿತು. ಕೈಗೆ ಬಂದದ್ದು ಐದು ಬೈಟ್. ಹೊರಗೆ ಬರೆಯುವಾಗ 13 ಮತ್ತೆ ಸೇರಿ ಆರಾಯಿತು. ಕಾಗದದ ಮೇಲೆ ಬರೆದು ತೋರಿಸಿದಾಗ ಅವನ ಮುಖ ಅರಳಿತು.

ಹಾಗಂತ ಕಣ್ಣು ಮುಚ್ಚಿ ಎಲ್ಲವನ್ನೂ ಬೈನರಿ ಮಾಡಬೇಡಿ. ಫೈಲ್‌ಗಳನ್ನು ಕಟ್ಟುವ ಟಾರ್, ಕುಗ್ಗಿಸುವ ಜಿಜಿಪ್‌ನಂಥವಕ್ಕೆ ಬೇಕೇ ಬೇಕು. ಸಾಲುಗಳಲ್ಲಿ ಪದ ಹುಡುಕುವ ಗ್ರೆಪ್‌ನಂಥವಕ್ಕೆ ಯೋಚಿಸಬೇಕು. ಸಾಲಿನ ಕೊನೆಯಲ್ಲಿ 13 ಉಳಿದರೆ ಸಾಲಿನ ಕೊನೆಯ ಪದ ಹುಡುಕಿದರೂ ಸಿಗದೇ ಹೋಗಬಹುದು.

ಈಗ ಯಾರೇ ಪೋರ್ಟ್ ಮಾಡಿ ತಂದರೂ, ಕೋಡ್ ನೋಡುವ ಮೊದಲು ಒಂದು ಪಿಎನ್‌ಜಿ ಫೈಲನ್ನು ಪೈಪ್‌ನಲ್ಲಿ ಹಾಯಿಸಿ, ಎರಡೂ ಕಡೆ ಬೈಟ್ ಎಣಿಸಿ ನೋಡಿ ಎನ್ನುತ್ತೇನೆ.