ಒಂದು ಕಣ್ಣು, ಒಂದು ಸೀನು, ಒಂದು ವಾಲ್‌ಪೇಪರ್

ಕೆಲವರು ನನ್ನ ಮುಂದೆ ಬಂದು ಕೂತ ಮೇಲೂ ಹತ್ತು ನಿಮಿಷ ಬಾಯಿ ಬಿಡಲ್ಲ, ಆಮೇಲೆ ತಲೆ ತಗ್ಗಿಸ್ಕೊಂಡು, "ಡಾಕ್ಟ್ರೇ, ಚಾಕು ಕಂಡ್ರೆ ಮಗೂಗೆ ಚುಚ್ಚಿಬಿಡ್ತೀನೇನೋ ಅನ್ಸುತ್ತೆ, ನಂಗೆ ಹುಚ್ಚು ಹಿಡೀತಿದ್ಯಾ?" ಅಂತ ಕೇಳ್ತಾರೆ. ಅಂಥವರಲ್ಲಿ ಒಬ್ರು, ಓದೋ ಅಭ್ಯಾಸ ಚೆನ್ನಾಗಿರೋವ್ರು, ಎಡ್ಗರ್ ಅಲನ್ ಪೋ ಬರೆದ 'ದಿ ಟೆಲ್-ಟೇಲ್ ಹಾರ್ಟ್' ಕಥೆ ಓದಿ ಮೂರು ರಾತ್ರಿ ನಿದ್ದೆ ಇಲ್ದೆ ಬಂದಿದ್ರು, ಆ ಕಥೇಲಿ ಕೊಲೆ ಮಾಡೋನೂ ನಾನೂ ಒಂದೇ ಅಂತ ಅವರೇ ತೀರ್ಮಾನ ಮಾಡ್ಕೊಂಡುಬಿಟ್ಟಿದ್ರು. ಅವರ ಹತ್ರ ಮಾತಾಡಿದ ಮೇಲೆ ನಾನೂ ಆ ಹಳೇ ಕಥೆಗಳನ್ನ ಮತ್ತೆ ತೆಗೆದು ಓದ್ದೆ, ಈ ಸಲ ಮನೋವೈದ್ಯಳ ಕಣ್ಣಲ್ಲಿ.

ಮೊದ್ಲು ಗೀಳು ಅನ್ನೋ ಪದ ನೋಡಿ. ಓದೋ ಗೀಳು, ಆಟದ ಗೀಳು ಅಂತ ಮಾತಲ್ಲಿ ಹೇಳ್ತೀವಲ್ಲ, ಅಲ್ಲಿ ಇಷ್ಟ ಇದೆ. ಗೀಳು ಕಾಯಿಲೇಲಿ ಪೂರ್ತಿ ಉಲ್ಟಾ. ಕರೀದೇ ಬರೋ ಯೋಚನೆ ಅದು, ಬಂದ್ರೆ ಅಸಹ್ಯ ಆಗುತ್ತೆ, ಮೈ ನಡುಗುತ್ತೆ, ಓಡಿಸೋಕೆ ಹೋದಷ್ಟೂ ವಾಪಸ್ ಬರುತ್ತೆ, ಇದು ನನ್ನ ತಲೇದೇ ಯೋಚನೆ ಅನ್ನೋದೂ ಸಾಮಾನ್ಯವಾಗಿ ಗೊತ್ತಿರುತ್ತೆ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಜೀವನದಲ್ಲಿ ಯಾವಾಗಾದ್ರೂ ಈ ಕಾಯಿಲೆ ಬರುತ್ತೆ, ಅದ್ರಲ್ಲಿ ಎಷ್ಟೋ ಜನ ನಾಚಿಕೆಗೆ ವರ್ಷಗಟ್ಟಲೆ ಯಾರಿಗೂ ಹೇಳದೇ ನುಂಗ್ಕೊಂಡಿರ್ತಾರೆ.

ಈಗ ಪೋ ಕಥೆಗೆ ಬನ್ನಿ. 1843ರ ಜನವರೀಲಿ ಅಚ್ಚಾಗಿದ್ದು. ಕಥೆ ಹೇಳೋನಿಗೆ ಮುದುಕನ ಮೇಲೆ ದ್ವೇಷ ಇಲ್ಲ, ದುಡ್ಡಿನ ಆಸೆ ಇಲ್ಲ, ಅವನೇ ಹೇಳೋ ಪ್ರಕಾರ ಪ್ರೀತಿನೇ ಇದೆ. ತೊಂದ್ರೆ ಎಲ್ಲಾ ಆ ಮುದುಕನ ಪೊರೆ ಕಟ್ಟಿದ ತಿಳಿ ನೀಲಿ ಕಣ್ಣಿಂದು, ರಣಹದ್ದಿನ ಕಣ್ಣಿನ ಥರದ್ದು. ಯೋಚನೆ ಒಂದ್ಸಲ ತಲೆಗೆ ಹೊಕ್ಕಿದ ಮೇಲೆ ಹಗಲೂ ರಾತ್ರಿ ಬಿಡ್ಲಿಲ್ಲ ಅಂತಾನೆ. ಇಷ್ಟು ಓದೋ ಹೊತ್ತಿಗೆ ನಮ್ಮ ಪೇಷೆಂಟ್‌ಗೆ ಎದೆ ಧಸಕ್ಕಂದಿದೆ, ಯಾಕಂದ್ರೆ ಅವರದ್ದೂ ಅದೇ ಕಥೆ, ಹಗಲೂ ರಾತ್ರಿ ಬಿಡದ ಯೋಚನೆ. ಆದ್ರೆ ಮುಂದಿನ ಪುಟಗಳನ್ನ ನಿಧಾನವಾಗಿ ಓದಿ. ಅವನು ಆ ಯೋಚನೆ ಜೊತೆ ಒಂದ್ಸಲಾನೂ ಜಗಳ ಆಡಲ್ಲ. ಏಳು ರಾತ್ರಿ, ಸರಿಯಾಗಿ ನಡುರಾತ್ರಿಗೆ, ಬಾಗಿಲನ್ನ ತಲೆ ತೂರುವಷ್ಟು ಮೆಲ್ಲಗೆ ಸರಿಸಿ ಲಾಂದ್ರದ ಒಂದೇ ಒಂದು ಕಿರಣ ಆ ಕಣ್ಣ ಮೇಲೆ ಬಿಡ್ತಾನೆ, ನಾನೆಷ್ಟು ಜಾಣ ನೋಡಿ ಅಂತ ಖುಷಿ ಪಡ್ತಾನೆ. ಚಾಕುಗಳನ್ನೆಲ್ಲ ಬೀರು ಒಳಗೆ ಬೀಗ ಹಾಕಿಟ್ಟು ಮಗೂನ ಎತ್ಕೊಳ್ಳೋಕೂ ಹೆದರೋ ಅಮ್ಮನಿಗೂ ಇವನಿಗೂ ಏನು ಹೋಲಿಕೆ ಹೇಳಿ? ಯಾವ ಯೋಚನೆ ಬಂತು ಅನ್ನೋದಕ್ಕಿಂತ, ಬಂದ ಯೋಚನೆಗೆ ಮನುಷ್ಯ ಏನು ಮಾಡ್ತಾನೆ, ಬಾಗಿಲು ತೆಗೀತಾನಾ ಅಥವಾ ಮೂಲೇಲಿ ನಡುಗ್ತಾ ಕೂರ್ತಾನಾ, ನಾವು ಡಾಕ್ಟರ್‌ಗಳು ಹುಡುಕೋದು ಅದನ್ನ.

ಇನ್ನೊಂದು ಮಾತು. ಈ ಕಥೇನ ಪಾಪಪ್ರಜ್ಞೆಯ ಕಥೆ ಅಂತಾನೇ ಎಲ್ರೂ ಹೇಳೋದು, ನಾನೂ ಹಾಗೇ ಓದಿದ್ದೆ. ಈ ಸಲ ಹುಡುಕ್ದೆ, ಕೊಲೆಗೆ ಮುಂಚೆ ಒಂದ್ಸಲ ಮುದುಕನ ಮೇಲೆ ಕನಿಕರ ಬಂತು ಅಂತಾನೆ, ಆಗ್ಲೂ ಒಳಗೊಳಗೇ ನಗ್ತಿರ್ತಾನೆ, ಕೊಂದ ಮೇಲೆ ಒಂದೇ ಒಂದ್ಸಲ ಅಯ್ಯೋ ಆ ಮುದುಕ ಅಂತ ಮರುಗೋದು ಕಾಣ್ಲಿಲ್ಲ. ಹೆಣ ತುಂಡು ಮಾಡಿ ಮೂರು ಹಲಗೆ ಕಿತ್ತು ಕೆಳಗೆ ಬಚ್ಚಿಟ್ಟು, ಮನೆಗೆ ಬಂದ ಮೂರು ಜನ ಪೊಲೀಸ್ರನ್ನ ಒಳಗೆ ಕರೆದು ಕೂರಿಸಿ, ತನ್ನ ಕುರ್ಚೀನ ಅದೇ ಜಾಗದ ಮೇಲೆ ಹಾಕ್ಕೊಂಡು ನಗ್ತಾ ಮಾತಾಡ್ತಾನೆ. ಆಮೇಲೆ ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದ ಥರ ಸದ್ದು ಶುರುವಾಗುತ್ತೆ, ಅದು ಮುದುಕನ ಎದೆಬಡಿತ ಅನ್ಕೋತಾನೆ, ಪೊಲೀಸ್ರೂ ಕೇಳಿಸ್ಕೊಂಡು ಬೇಕಂತಲೇ ನನ್ನ ಗೇಲಿ ಮಾಡ್ತಿದಾರೆ ಅನ್ಕೊಂಡು ಕೂಗಿ ಒಪ್ಕೊಂಡುಬಿಡ್ತಾನೆ. ನನ್ನ ಪ್ರಕಾರ ಅಲ್ಲಿರೋದು ಸಿಕ್ಕಿಬೀಳೋ ಭಯ ಮತ್ತೆ ಭ್ರಾಂತಿ, ಪಶ್ಚಾತ್ತಾಪ ಇಲ್ಲ. ಪೋ ಅದೇ ವರ್ಷ ಬರೆದ 'ದಿ ಬ್ಲ್ಯಾಕ್ ಕ್ಯಾಟ್'ನಲ್ಲಿ ಇದು ಇನ್ನೂ ಸ್ಪಷ್ಟ, ಕುಡಿತಕ್ಕೆ ಬಿದ್ದ ಆ ಮನುಷ್ಯ ಬೆಕ್ಕನ್ನ ನೇಣು ಹಾಕೋವಾಗ ಕಣ್ಣೀರು ಹಾಕ್ತಾನೆ, ಹೆಂಡತೀನ ಕೊಡಲಿಯಲ್ಲಿ ಕೊಂದು ಗೋಡೆ ಒಳಗೆ ಮುಚ್ಚಿದ ರಾತ್ರಿ ಮಾತ್ರ ಗಾಢವಾಗಿ ನಿದ್ದೆ ಮಾಡ್ತಾನೆ.

ಅದೇ 1843ರ ಜನವರಿ 20ಕ್ಕೆ ಲಂಡನ್ನಲ್ಲಿ ಡೇನಿಯಲ್ ಮೆಕ್‌ನಾಟನ್ ಅನ್ನೋನು ಪ್ರಧಾನಿ ರಾಬರ್ಟ್ ಪೀಲ್ ಅನ್ಕೊಂಡು ಅವರ ಸೆಕ್ರೆಟರಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹೊಡೆದ, ಆಳೋ ಪಕ್ಷದವ್ರು ತನ್ನನ್ನ ಬೇಟೆ ಆಡ್ತಿದಾರೆ ಅನ್ನೋ ಭ್ರಾಂತಿ ಅವನಿಗೆ. ಮನಸ್ಸು ಸ್ಥಿಮಿತದಲ್ಲಿ ಇರ್ಲಿಲ್ಲ ಅಂತ ಕೋರ್ಟು ಅವನನ್ನ ನಿರಪರಾಧಿ ಅಂದಾಗ ದೊಡ್ಡ ಗಲಾಟೆ ಆಗಿ, ಏನು ಮಾಡ್ತಿದೀನಿ, ಅದು ತಪ್ಪು ಅನ್ನೋದು ಗೊತ್ತಿತ್ತಾ ಅನ್ನೋ ಪ್ರಶ್ನೆ ಕಾನೂನಿಗೆ ಬಂತು, ಇವತ್ತಿಗೂ ಮೆಡಿಕಲ್ ಸ್ಟೂಡೆಂಟ್ಸ್ ಅದನ್ನ ಓದ್ತಾರೆ. ಪೋ ಕಥೆಯೋನ ವಾದ ಇಷ್ಟೇ: ಹುಚ್ಚನಾಗಿದ್ರೆ ಇಷ್ಟು ಅಚ್ಚುಕಟ್ಟಾಗಿ ಮಾಡ್ತಿದ್ನಾ? ನಾನು ಕಂಡಿದ್ದು ಹೇಳ್ಬೇಕಂದ್ರೆ, ಭ್ರಾಂತಿ ಇರೋವ್ರು ಪ್ಲಾನ್ ಮಾಡಬಲ್ಲರು, ಲೆಕ್ಕ ಇಡಬಲ್ಲರು, ಅಚ್ಚುಕಟ್ಟು ಅನ್ನೋದು ಆರೋಗ್ಯದ ಸರ್ಟಿಫಿಕೇಟ್ ಆಗಲ್ಲ.

ಹಾಗಾದ್ರೆ ನಿಜವಾದ ಪಾಪಪ್ರಜ್ಞೆ ಎಲ್ಲಿದೆ ಅಂದ್ರೆ ನಾನು ರಷ್ಯಾದ ಕಥೆಗಾರ ಚೆಕೊವ್‌ನ 1883ರ ಪುಟ್ಟ ಕಥೆ ತೋರಿಸ್ತೀನಿ, 'ಗುಮಾಸ್ತನ ಸಾವು'. ಆಗ ಅವನಿಗೆ 23 ವಯಸ್ಸು, ಇನ್ನೂ ಮೆಡಿಕಲ್ ಓದ್ತಿದ್ದ. ಚೆರ್ವ್ಯಾಕೊವ್ ಅನ್ನೋ ಗುಮಾಸ್ತ ಥಿಯೇಟರ್‌ನಲ್ಲಿ ಸೀನ್ತಾನೆ, ಮುಂದಿನ ಸಾಲಲ್ಲಿ ಕೂತಿದ್ದ ಬೇರೆ ಇಲಾಖೆಯ ಜನರಲ್ ಬೋಳು ತಲೆ ಮೇಲೆ ಹನಿ ಬೀಳುತ್ತೆ. ಕ್ಷಮಿಸಿ ಅಂತಾನೆ, ಪರ್ವಾಗಿಲ್ಲ ಅಂತಾನೆ ಜನರಲ್. ಕಥೆ ಅಲ್ಲಿಗೇ ಮುಗೀಬೇಕಿತ್ತು. ಇಂಟರ್ವಲ್‌ನಲ್ಲಿ ಮತ್ತೆ ಕ್ಷಮೆ, ಮಾರನೇ ದಿನ ಅವರ ಆಫೀಸಿಗೇ ಹೋಗಿ ಕ್ಷಮೆ, ಅವ್ರು ಸರಿಯಾಗಿ ಮುಖ ಕೊಟ್ಟು ಮಾತಾಡ್ಲಿಲ್ಲ ಅಂತ ಮತ್ತೆ ಕ್ಷಮೆ, ಕೊನೆಗೆ ಜನರಲ್ ಸಿಟ್ಟಿಗೆದ್ದು ತೊಲಗು ಅಂತ ಕಿರುಚಿದಾಗ ಹೊಟ್ಟೆ ಒಳಗೇನೋ ಕಿತ್ತುಹೋದಂಗಾಗಿ ಮನೆಗೆ ಬಂದು, ಯೂನಿಫಾರ್ಮ್ ಕೂಡ ಬಿಚ್ಚದೇ ಸೋಫಾ ಮೇಲೆ ಮಲಗಿ ಸತ್ತುಹೋಗ್ತಾನೆ. ಓದಿದವ್ರು ನಗ್ತಾರೆ, ನಂಗೆ ನಗು ಬರಲ್ಲ. ಮೇಲಧಿಕಾರಿ ಭಯದ ಮೇಲೆ ಬರೆದ ಕಥೆ ಅನ್ನೋದು ನಿಜ, ಆದ್ರೆ ಗೀಳಿನ ಯಂತ್ರ ಹೇಗೆ ಓಡುತ್ತೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ತೋರಿಸಿದ್ದು ನಾನು ಓದಿಲ್ಲ. ಪರ್ವಾಗಿಲ್ಲ ಅನ್ನೋ ಮಾತು ಕೇಳಿದಾಗ ಸ್ವಲ್ಪ ಹೊತ್ತು ಉಸಿರು ಬಿಡ್ತಾನೆ, ಆಮೇಲೆ ಅನುಮಾನ ಶುರು, ನಿಜವಾಗ್ಲೂ ಹೇಳಿದ್ರಾ, ಮುಖ ಹಾಗ್ಯಾಕಿತ್ತು, ಇನ್ನೊಂದ್ಸಲ ಕೇಳಿಬಿಡೋಣ. ಪ್ರತಿ ಸಮಾಧಾನವೂ ಮುಂದಿನ ಅನುಮಾನಕ್ಕೆ ಗೊಬ್ಬರ. ಅದಕ್ಕೇ ಇಂಥವರ ಮನೆಯವ್ರಿಗೆ ನಾವು ಹೇಳೋದು, ಹತ್ತನೇ ಸಲ ಕೇಳಿದ್ರೆ ಉತ್ತರ ಕೊಡಬೇಡಿ, ಕಠಿಣ ಅನ್ಸುತ್ತೆ, ಆದ್ರೆ ಪ್ರೀತಿಯಿಂದ ಸುಮ್ಮನಿರಿ, ಉತ್ತರ ಇಲ್ಲದೇನೇ ಭಯ ತಾನಾಗೇ ಇಳಿಯುತ್ತೆ ಅನ್ನೋದನ್ನ ಅವರ ಮನಸ್ಸು ಕಲೀಬೇಕು.

ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿ, ಕೊಂದವನಿಗೆ ಪಶ್ಚಾತ್ತಾಪ ಇಲ್ಲ, ಸೀನಿದವನು ಅದರಲ್ಲೇ ಸತ್ತ. ತಪ್ಪಿನ ತೂಕಕ್ಕೂ ಪಾಪಪ್ರಜ್ಞೆಯ ತೂಕಕ್ಕೂ ಲೆಕ್ಕವೇ ಸೇರಲ್ಲ.

ಹುಚ್ಚು ಅಂತ ಜನ ಕರೆಯೋದರ ಚಿತ್ರ ಬೇಕಂದ್ರೆ ರಷ್ಯಾದವನೇ ಆದ ಗೊಗೊಲ್‌ನ 1835ರ 'ಹುಚ್ಚನ ಡೈರಿ' ಇದೆ. ಅದ್ರಲ್ಲಿ ನಂಗೆ ಇಷ್ಟ ಆಗಿದ್ದು ತಾರೀಖುಗಳು. ಮೊದಮೊದಲು ಸರಿಯಾಗಿರುತ್ತೆ, ನಾಯಿಗಳು ಒಂದಕ್ಕೊಂದು ಕಾಗದ ಬರೆಯೋಕೆ ಶುರು ಮಾಡಿದ ಮೇಲೂ ಸರಿಯಾಗೇ ಇರುತ್ತೆ, ಡೈರಿ ಬರೆಯೋನು ತಾನು ಸ್ಪೇನ್ ರಾಜ ಅನ್ಕೊಂಡ ದಿನ ಮಾತ್ರ 2000ನೇ ಇಸವಿ ಏಪ್ರಿಲ್ 43. ಇವತ್ತು ಎಷ್ಟನೇ ತಾರೀಖು ಅಂತ ನಾವು ಕೇಳೋ ಸಾದಾ ಪ್ರಶ್ನೇನ ಗೊಗೊಲ್ ಆಗ್ಲೇ ಕಥೆ ಒಳಗೆ ಇಟ್ಟಿದ್ದ. ಆ ಡೈರಿಯವನಿಗೆ ಗೀಳಿನವರ ಥರ ಅನುಮಾನವೇ ಇಲ್ಲ, ನಾನು ರಾಜ, ಮುಗೀತು.

ನಮ್ಮ ವೃತ್ತಿಯವ್ರು ಓದಲೇಬೇಕಾದ್ದು ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಬರೆದ 'ದಿ ಯೆಲ್ಲೋ ವಾಲ್‌ಪೇಪರ್', 1892. ಹೆರಿಗೆ ಆದ ಹೆಂಗಸು, ಗಂಡ ಡಾಕ್ಟರ್, ಅಣ್ಣನೂ ಡಾಕ್ಟರ್. ನಿನಗೇನೂ ಇಲ್ಲ, ಸ್ವಲ್ಪ ನರದ ಸುಸ್ತು ಅಂತ ಹೇಳಿ, ಕಿಟಕಿಗೆ ಸರಳು ಹಾಕಿದ ಮಹಡಿ ರೂಮಲ್ಲಿ ಇರಿಸ್ತಾರೆ, ಬರೆಯೋ ಹಾಗಿಲ್ಲ, ಕದ್ದು ಬರೀತಾಳೆ. ಗೋಡೆಯ ಹಳದಿ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ತೆವಳ್ತಾ ಇರೋದು ಕಾಣೋಕೆ ಶುರುವಾಗುತ್ತೆ. ಗಿಲ್ಮನ್ 1887ರಲ್ಲಿ ವೈರ್ ಮಿಚೆಲ್ ಅನ್ನೋ ಹೆಸರಾಂತ ಡಾಕ್ಟರ್ ಹತ್ರ ಇದೇ ರೆಸ್ಟ್ ಕ್ಯೂರ್, ಅಂದ್ರೆ ಬರೀ ವಿಶ್ರಾಂತಿಯ ಚಿಕಿತ್ಸೆ, ಮಾಡಿಸ್ಕೊಂಡಿದ್ರು, ಬದುಕಿರೋವರೆಗೂ ಪೆನ್ನು, ಬ್ರಷ್ಷು, ಪೆನ್ಸಿಲ್ ಮುಟ್ಟಬೇಡ ಅಂತ ಹೇಳಿ ಮನೆಗೆ ಕಳಿಸಿದ್ರು, ಮೂರು ತಿಂಗಳು ಪಾಲಿಸಿ ಬುದ್ಧಿ ಕಳ್ಕೊಳ್ಳೋ ಅಂಚಿಗೆ ಬಂದೆ ಅಂತ 1913ರಲ್ಲಿ ಬರೆದಿದಾರೆ. ಕಥೇನ ಆ ಡಾಕ್ಟರ್‌ಗೂ ಕಳಿಸಿದ್ರಂತೆ, ಉತ್ತರ ಬರ್ಲಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಬಾಣಂತಿ ಒಬ್ಬಳು ಮಗೂಗೆ ಏನಾದ್ರೂ ಮಾಡಿಬಿಡ್ತೀನಾ ಅಂತ ಹೆದರ್ಕೊಂಡು ಅಳ್ತಿದ್ರೆ ಅದು ಗೀಳೋ ಖಿನ್ನತೆಯೋ ಇರಬಹುದು, ಬೇಗ ತೋರಿಸಿ. ಅದೇ ಬಾಣಂತಿ ಭಯವೇ ಇಲ್ಲದೇ, ಇದು ನನ್ನ ಮಗು ಅಲ್ಲ, ಇದನ್ನ ಮುಗಿಸು ಅಂತ ನಂಗೆ ಅಪ್ಪಣೆ ಆಗಿದೆ ಅಂದ್ರೆ ಅದು ಬಾಣಂತಿ ಸನ್ನಿ, ಆ ಕ್ಷಣವೇ ಆಸ್ಪತ್ರೆ, ತಾಯಿ ಮಗು ಇಬ್ಬರನ್ನೂ ಒಂಟಿಯಾಗಿ ಬಿಡಬೇಡಿ. ಮೇಲ್ನೋಟಕ್ಕೆ ಎರಡೂ ಒಂದೇ ಯೋಚನೆ. ಅವಳನ್ನ ಕೂರಿಸಿ ಪೂರ್ತಿ ಕೇಳಿದ್ರೆ ಮಾತ್ರ ವ್ಯತ್ಯಾಸ ಗೊತ್ತಾಗೋದು, ಆ ಕಥೆಯ ಗಂಡ ಮಾಡದೇ ಹೋಗಿದ್ದು ಅದೊಂದನ್ನೇ.

ಪೋ ಓದಿ ನಿದ್ದೆ ಕಳ್ಕೊಂಡಿದ್ದವ್ರಿಗೆ ಇದನ್ನೆಲ್ಲ ಒಂದೇ ಸಲ, ಗಂಟೆ ಹೊತ್ತು ಕೂತು ಹೇಳ್ದೆ. ಟ್ರೀಟ್‌ಮೆಂಟ್ ಶುರು ಮಾಡಿದ್ವಿ, ಮಾತ್ರೆ ಜೊತೆಗೆ, ಹೆದರೋ ವಸ್ತೂನ ಸ್ವಲ್ಪ ಸ್ವಲ್ಪವೇ ಎದುರಿಸೋ ಅಭ್ಯಾಸ. ಆವತ್ತು ಹೊರಡೋವಾಗ ಬಾಗಿಲ ಹತ್ರ ನಿಂತು ತಿರುಗಿ ನೋಡಿ, "ನಾನು ಅವನ ಥರ ಅಲ್ಲ ತಾನೇ ಡಾಕ್ಟ್ರೇ?" ಅಂದ್ರು. ಅದು ಆವತ್ತಿನ ಏಳನೇ ಸಲ. "ಮುಂದಿನ ಮಂಗಳವಾರ ಬನ್ನಿ" ಅಂದೆ.